ನೊಂದವನ ನುಡಿ ನಿಂದೆಯಾಗುವುದೇ?

ಕಾಯಕವು ಮನುಷ್ಯನಿಗೆ ಅನ್ನವನ್ನು ಮಾತ್ರ ಕೊಡುವುದಿಲ್ಲ. ನಾಲ್ವರ ನಡುವೆ ಒಂದು ಸ್ಥಾನವನ್ನೂ, ತಾನೂ ಲೋಕಕ್ಕೆ ಬೇಕಾದವನೆಂಬ ನೆಮ್ಮದಿಯನ್ನೂ ಅದು ಅವನಿಗೆ ಒದಗಿಸುತ್ತದೆ. ಆದುದರಿಂದಲೇ ಶರಣರು ದುಡಿಮೆಯನ್ನು ಹೊಟ್ಟೆಯ ಪಾಡೆಂದು ತಿಳಿಯದೆ ಪೂಜೆಗೆ ಸಮಾನವೆಂದು ಭಾವಿಸಿದರು. ಇಂತಹ ಕಾಯಕದ ನೆಲೆಯೇ ಒಬ್ಬನ ಪಾಲಿಗೆ ದಿನದಿನದ ಅವಮಾನದ ನೆಲೆಯಾದರೆ ಅವನ ಗತಿಯೇನು? ಆ ಅವಮಾನವನ್ನು ಅವನು ಬಾಯಿಬಿಟ್ಟು ಹೇಳಬೇಕೇ, ಇಲ್ಲವೆ ಸೈರಿಸಿಕೊಂಡು ಸುಮ್ಮನಿರಬೇಕೇ? ಹೇಳಿದರೆ ಪರನಿಂದೆಯ ದೋಷವು ತಟ್ಟುವುದೇ? ಮೇಲ್ನೋಟಕ್ಕೆ ಸಣ್ಣದಾಗಿ ಕಂಡರೂ ಇದು ಅನೇಕ ಗೃಹಸ್ಥರ ನಿದ್ರೆಯನ್ನು ಕೆಡಿಸಿರುವ ಪ್ರಶ್ನೆ.

ಜೊಯಿಡಾದಂತಹ, ಕಾಡಿನ ನಡುವಣ ಸಣ್ಣ ಊರಿನ ಕಚೇರಿಯೊಂದರಲ್ಲಿ ದುಡಿಯುವ ಗುಮಾಸ್ತನೊಬ್ಬನನ್ನು ಊಹಿಸಿಕೊಳ್ಳಬಹುದು. ಹದಿನೈದು ವರ್ಷ ಕಪ್ಪುಚುಕ್ಕೆಯಿಲ್ಲದೆ ಕೆಲಸ ಮಾಡಿದವನು ಅವನು. ಹೊಸ ಮೇಲಧಿಕಾರಿ ಬಂದ ಮೇಲೆ ಒಂದು ದಿನ ಅವನ ದಫ್ತರದಲ್ಲಿ ಸಣ್ಣದೊಂದು ತಪ್ಪು ಸಿಕ್ಕಿತು, ಎಲ್ಲರೆದುರಿಗೆ ಗದರಿಕೆಯಾಯಿತು. ಮರುವಾರ ತಪ್ಪಿಲ್ಲದಿದ್ದರೂ ಗದರಿಕೆ ತಪ್ಪಲಿಲ್ಲ. ಅವನಿಗೊಂದು ಅಡ್ಡಹೆಸರು ಹುಟ್ಟಿತು. ಜವಾನನೂ ಅದನ್ನು ಕೇಳಿ ನಗತೊಡಗಿದನು. ಅವನ ಮೇಜಿನ ಕಾಗದಗಳು ಹೇಳದೆ ಕೇಳದೆ ಬೇರೊಬ್ಬನ ಮೇಜಿಗೆ ಹೋದವು. ಚಹಕ್ಕೆ ಕರೆಯುತ್ತಿದ್ದ ಗೆಳೆಯರು ಮೆಲ್ಲಮೆಲ್ಲನೆ ಕರೆಯುವುದನ್ನು ಬಿಟ್ಟರು. ಅವರಿಗೆ ದ್ವೇಷವಿರಲಿಲ್ಲ, ಭಯವಿತ್ತು. ಮನೆಯಲ್ಲಿ ಹೆಂಡತಿ ‘ಏಕೆ ಹೀಗಿದ್ದೀರಿ?’ ಎಂದು ಕೇಳಿದರೆ ‘ಏನೂ ಇಲ್ಲ’ ಎಂಬುದೊಂದೇ ಉತ್ತರ. ಬೆಳಗಿನಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತರೂ ಮನಸ್ಸು ಕಚೇರಿಯ ಮೆಟ್ಟಿಲಿನ ಮೇಲೆಯೇ ನಿಂತಿರುತ್ತಿತ್ತು. ವರ್ಷವೊಂದು ಕಳೆಯುವುದರೊಳಗೆ ಅವನಿಗೆ ನಿದ್ರೆ ಹೋಯಿತು, ಹಸಿವು ಹೋಯಿತು. ಕೊನೆಗೆ, ‘ಅವರು ಹೇಳುವುದೇ ನಿಜವಿರಬೇಕು, ನಾನೇ ಅಯೋಗ್ಯನು’ ಎಂದು ಅವನು ನಂಬಿದನು. ಹೊರಗಿನಿಂದ ಬಿದ್ದ ಪೆಟ್ಟಿಗಿಂತ ಈ ನಂಬಿಕೆಯೇ ಹೆಚ್ಚು ಘೋರವಾದುದು.

ಇದು ಒಬ್ಬಿಬ್ಬರ ದುರ್ದೈವವಲ್ಲ. ಜರ್ಮನಿಯಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ನೆಲೆಸಿದ ಮನಶ್ಶಾಸ್ತ್ರಜ್ಞ ಹೈನ್ಜ್ ಲೇಮನ್ ಎಂಬವರು 1980ರ ದಶಕದಲ್ಲಿ ಇದನ್ನು ಕ್ರಮವಾಗಿ ಅಭ್ಯಾಸ ಮಾಡಿದರು. ಹಕ್ಕಿಗಳು ಗುಂಪುಗೂಡಿ ಒಂದನ್ನು ಮುತ್ತಿಕೊಳ್ಳುವುದಕ್ಕೆ ಪ್ರಾಣಿಶಾಸ್ತ್ರದಲ್ಲಿ ಬಳಕೆಯಲ್ಲಿದ್ದ ‘ಮಾಬಿಂಗ್’ ಎಂಬ ಮಾತನ್ನೇ ಅವರು ಇದಕ್ಕೆ ಇಟ್ಟರು. ಹಗಲಿನಲ್ಲಿ ಹೊರಬಿದ್ದ ಗೂಗೆಯನ್ನು ಕಾಗೆಗಳು ಮುತ್ತುವುದನ್ನು ಕಂಡವರಿಗೆ ಆ ಹೆಸರಿನ ಔಚಿತ್ಯವು ತಾನಾಗಿ ಹೊಳೆಯುವುದು. ವಾರಕ್ಕೊಮ್ಮೆಯಾದರೂ, ಆರು ತಿಂಗಳಾದರೂ ನಡೆಯುವ ಪೀಡನೆಯನ್ನು ಅವರು ಈ ಹೆಸರಿನಿಂದ ಗುರುತಿಸಿದರು. ಒಂದು ದಿನದ ಕೋಪ ಬೇರೆ, ನಿತ್ಯದ ಕಿರುಕುಳ ಬೇರೆ ಎಂಬ ವಿವೇಕವು ಈ ಅಳತೆಯಲ್ಲಿ ಅಡಗಿದೆ. ಒಂದು ಏಟಿಗೆ ಕಲ್ಲು ಒಡೆಯದು. ಆದರೆ ಒಂದೇ ಎಡೆಯಲ್ಲಿ ಬೀಳುವ ಹನಿಯಿಂದ ಅದೇ ಕಲ್ಲು ಸವೆಯುವುದು.

ಹೀಗೆ ಸವೆಯುವುದು ಯಾವುದು ಎಂಬುದನ್ನು ವಿಚಾರಿಸಬೇಕು. ಮನುಷ್ಯನು ತನ್ನನ್ನು ತಾನು ಅರಿಯುವುದು ಒಂದು ಕಥೆಯ ರೂಪದಲ್ಲಿ. ಇಂಥವರ ಮಗನು, ಇಂಥ ಕಷ್ಟವನ್ನು ದಾಟಿ ಬಂದವನು, ಇಂಥ ಕೆಲಸವನ್ನು ಬಲ್ಲವನು ಎಂಬ ನೆನಪುಗಳನ್ನು ಪೋಣಿಸಿದ ದಾರವೇ ಅವನ ‘ನಾನು’. ನಿತ್ಯದ ಪೀಡನೆಯು ಆ ದಾರವನ್ನೇ ಕತ್ತರಿಸುತ್ತದೆ. ಹದಿನೈದು ವರ್ಷದ ಒಳ್ಳೆಯ ದುಡಿಮೆಯು ಮರೆತುಹೋಗಿ, ಒಂದು ದಿನದ ತಪ್ಪೇ ಇಡೀ ಬಾಳಿನ ಅರ್ಥವಾಗಿ ನಿಲ್ಲುತ್ತದೆ. ಅಂದರೆ ನೊಂದವನು ಕಳೆದುಕೊಂಡದ್ದು ಗೌರವವನ್ನಷ್ಟೇ ಅಲ್ಲ. ತನ್ನ ಕಥೆಯನ್ನು ತಾನು ಹೇಳಿಕೊಳ್ಳುವ ಅಧಿಕಾರವನ್ನೇ ಅವನು ಕಳೆದುಕೊಂಡನು. ಅವನ ಕಥೆಯನ್ನು ಈಗ ಬೇರೊಬ್ಬರು ಹೇಳುತ್ತಿರುವರು, ಅವನು ತಲೆತಗ್ಗಿಸಿ ಕೇಳುತ್ತಿರುವನು.

ಆದುದರಿಂದ ಚಿಕಿತ್ಸೆಯೂ ಕಥೆಯ ಮೂಲಕವೇ ಆಗಬಹುದೆಂದು ಕೆಲವರು ಯೋಚಿಸಿದುದು ಸಹಜವೇ ಆಗಿದೆ. ಆಸ್ಟ್ರೇಲಿಯದ ಮೈಕೆಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ ಎಂಬ ಇಬ್ಬರು ಸೇರಿ ಈ ಮಾರ್ಗವನ್ನು ರೂಪಿಸಿ 1990ರಲ್ಲಿ ಅದನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಅವರ ಕ್ರಮದ ಮೊದಲ ಹೆಜ್ಜೆಯೆಂದರೆ ನೋವನ್ನು ನೊಂದವನಿಂದ ಬೇರ್ಪಡಿಸಿ ನೋಡುವುದು. ‘ನೀನು ಅಂಜುಬುರುಕನೇ?’ ಎಂದು ಅವರು ಕೇಳುವುದಿಲ್ಲ. ‘ಈ ಅಂಜಿಕೆ ನಿನ್ನ ಮನೆಗೆ ಎಂದು ಬಂದಿತು? ಯಾರ ಜೊತೆಯಲ್ಲಿ ಬಂದಿತು? ನಿನ್ನಿಂದ ಏನೇನನ್ನು ಕಸಿದುಕೊಂಡಿತು?’ ಎಂದು ಕೇಳುತ್ತಾರೆ. ಅಂಜಿಕೆಯು ಬಂದದ್ದಾದರೆ ಹೋಗಲೂಬಹುದಲ್ಲವೇ? ಎರಡನೆಯ ಹೆಜ್ಜೆ, ಆ ಅಂಜಿಕೆಯು ಗೆಲ್ಲದೆ ಹೋದ ಗಳಿಗೆಗಳನ್ನು ಹುಡುಕುವುದು. ಗದರಿಕೆಯ ನಡುವೆಯೂ ಆ ಗುಮಾಸ್ತನು ಮುದುಕಿಯೊಬ್ಬಳ ಪಿಂಚಣಿಯ ಕಾಗದವನ್ನು ಹೊತ್ತು ಮೀರಿ ಕುಳಿತು ಮುಗಿಸಿಕೊಟ್ಟಿದ್ದನೇ? ಹಾಗಿದ್ದರೆ ಆ ದಿನ ಅವನೊಳಗಿದ್ದ ಬಲ ಯಾವುದು? ಅದನ್ನು ಅವನಿಗೆ ಕಲಿಸಿದವರು ಯಾರು? ಹೀಗೆ ಕೇಳುತ್ತ ಹೋದಂತೆ ಬತ್ತಿದ ಬಾವಿಯ ತಳದಲ್ಲಿ ಸೆಲೆ ಒಡೆದಂತೆ ಮರೆತ ಕಥೆಯು ಮೇಲಕ್ಕೆ ಬರುತ್ತದೆ. ಮೂರನೆಯ ಹೆಜ್ಜೆ, ಆ ಕಥೆಯನ್ನು ಆತ್ಮೀಯರಾದ ಕೆಲವರ ಮುಂದೆ ಹೇಳಿಸುವುದು. ಕೇಳಿದವರು ತೀರ್ಪು ಕೊಡುವುದಿಲ್ಲ, ಉಪದೇಶ ಮಾಡುವುದಿಲ್ಲ. ಕೇಳಿದ್ದರಲ್ಲಿ ತಮ್ಮ ಮನಸ್ಸಿಗೆ ತಾಗಿದುದೇನೆಂಬುದನ್ನು ಮಾತ್ರ ಹೇಳುತ್ತಾರೆ. ಕಥೆಗೆ ಸಾಕ್ಷಿ ದೊರೆತಾಗ ಅದು ನಿಜವಾಗಿ ನಿಲ್ಲುತ್ತದೆ.

ಇದನ್ನು ವಿದೇಶದ ಹೊಸ ವಿದ್ಯೆಯೆಂದು ತಳ್ಳುವ ಕಾರಣವಿಲ್ಲ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದುಂಟು. ಒಬ್ಬ ಹೆಂಗಸಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು; ಅವನ್ನು ಅವಳು ಯಾರಿಗೂ ಹೇಳಲಿಲ್ಲ. ಉಸಿರುಕಟ್ಟಿದ ಆ ಎರಡೂ ಅವಳು ನಿದ್ರೆಯಲ್ಲಿದ್ದಾಗ ಹೊರಬಿದ್ದು, ಒಂದು ಜೋಡಾಗಿ ಬಾಗಿಲಲ್ಲಿ ಕುಳಿತಿತು, ಮತ್ತೊಂದು ಅಂಗಿಯಾಗಿ ಗೂಟಕ್ಕೆ ತೂಗಿತು. ಗಂಡನು ಬಂದು ಕಂಡು ಸಂಶಯಪಟ್ಟನು. ಸಂಸಾರದಲ್ಲಿ ಜಗಳ ಹುಟ್ಟಿತು. ಹೇಳದೆ ಉಳಿದ ಮಾತು ಮನೆಯೊಳಗೆ ಸಂಶಯದ ವೇಷವನ್ನು ತೊಟ್ಟು ನಿಲ್ಲುವುದೆಂಬುದನ್ನು ನಮ್ಮ ಅಜ್ಜಿಯರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು! ಅವರೇ ಸಂಗ್ರಹಿಸಿದ ತಮಿಳು ಕಥೆಯೊಂದರಲ್ಲಿ ಮಕ್ಕಳು ಸೊಸೆಯರ ಬೈಗುಳವನ್ನು ನುಂಗಿ ನುಂಗಿ ಮೈ ಭಾರವಾದ ವಿಧವೆಯೊಬ್ಬಳು ಪಾಳುಮನೆಯೊಂದನ್ನು ಹೊಕ್ಕು ಒಂದೊಂದು ಗೋಡೆಗೆ ಒಬ್ಬೊಬ್ಬರ ದೂರನ್ನು ಹೇಳುತ್ತಾಳೆ. ಹೇಳಿದಂತೆಲ್ಲ ಗೋಡೆ ಕುಸಿಯುತ್ತದೆ, ಅವಳ ಮೈ ಹಗುರಾಗುತ್ತದೆ.

ಪ್ರಯೋಗಶಾಲೆಯೂ ಈ ಮಾತನ್ನು ಒಂದು ಮಿತಿಯಲ್ಲಿ ಒಪ್ಪಿದೆ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಎಂಬವರು 1986ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದರು. ಕೆಲವರು ಸಾಮಾನ್ಯ ವಿಷಯವನ್ನು ಬರೆದರು; ಕೆಲವರು ತಮ್ಮ ಬಾಳಿನ ದೊಡ್ಡ ನೋವನ್ನು, ನಡೆದುದನ್ನೂ ಅನಿಸಿದುದನ್ನೂ ಕೂಡಿಸಿ ಬರೆದರು. ಹೀಗೆ ನೋವನ್ನು ಬರೆದವರು ಆ ಹೊತ್ತಿಗೆ ಹೆಚ್ಚು ದುಃಖಿತರಾದರೂ, ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದುದು ಕಡಿಮೆಯಾಯಿತು. ಬಳಿಕ ನಡೆದ ಅನೇಕ ಅಭ್ಯಾಸಗಳು ಈ ಪ್ರಯೋಜನವು ದೊಡ್ಡದಲ್ಲ, ಸಾಧಾರಣವಾದುದು ಎಂದು ತೋರಿಸಿವೆ. ಒಂದು ಸೂಕ್ಷ್ಮವೂ ಅಲ್ಲಿ ಕಂಡಿತು: ಅದೇ ಗೋಳನ್ನು ಅದೇ ಮಾತಿನಲ್ಲಿ ತಿರುತಿರುಗಿ ಬರೆದವರಿಗಿಂತ, ದಿನದಿಂದ ದಿನಕ್ಕೆ ಕಾರಣಗಳನ್ನು ಕಾಣುತ್ತ, ಬಿಡಿ ನೋವನ್ನು ಹೆಣೆದ ಕಥೆಯಾಗಿ ಮಾಡುತ್ತ ಹೋದವರಿಗೆ ಹೆಚ್ಚು ಹಿತವಾಯಿತು. ಗೋಳು ಬೇರೆ, ಕಥೆ ಬೇರೆ. ಗೋಳು ಗಾಣದ ಎತ್ತಿನಂತೆ ಸುತ್ತುತ್ತದೆ. ಕಥೆ ಹಾದಿ ಹಿಡಿದು ಮುಂದಕ್ಕೆ ನಡೆಯುತ್ತದೆ.

ಶರಣರ ಚರಿತ್ರೆಯಲ್ಲಿ ಈ ಬಗೆಯ ಮಾತಿಗೆ ಉಜ್ವಲವಾದ ನಿದರ್ಶನಗಳುಂಟು. ಶೂನ್ಯಸಂಪಾದನೆಯಲ್ಲಿ ಬರುವ ಮುಕ್ತಾಯಕ್ಕನ ಪ್ರಸಂಗವನ್ನು ನೆನೆಯಬೇಕು. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನನ್ನು ಕಳೆದುಕೊಂಡು ಅವಳು ದುಃಖದಲ್ಲಿ ಮುಳುಗಿರುವಾಗ ಅಲ್ಲಮಪ್ರಭುದೇವರು ಅಲ್ಲಿಗೆ ಬರುತ್ತಾರೆ. ಅವರು ‘ಅಳಬೇಡ’ ಎಂದು ಹೇಳಿ ಮುಂದೆ ಹೋಗಲಿಲ್ಲ. ಕೇಳಿದರು, ಉತ್ತರವನ್ನು ಆಲಿಸಿದರು, ಮತ್ತೆ ಕೇಳಿದರು. ಆ ದೀರ್ಘ ಸಂವಾದದಲ್ಲಿ ಅವಳ ಅಳಲು ಅರಿವಾಗಿ ಮಾರ್ಪಟ್ಟಿತು. ಅವಳು ಅಣ್ಣನನ್ನು ಮರೆಯಲಿಲ್ಲ. ಅವನ ಹೆಸರನ್ನೇ ತನ್ನ ವಚನಗಳ ಅಂಕಿತವನ್ನಾಗಿ ಮಾಡಿಕೊಂಡಳು. ನೋವು ಅಳಿಸಿಹೋಗಲಿಲ್ಲ, ನುಡಿಯಲ್ಲಿ ನೆಲೆಗೊಂಡಿತು.

ಇನ್ನೂ ಗಮನಾರ್ಹವಾದುದು ಶರಣರ ಹೆಸರುಗಳು. ಮಾದಾರ ಚನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ—ಈ ಹೆಸರುಗಳ ಮೊದಲ ಪದವು ಆ ಕಾಲದ ಸಮಾಜದಲ್ಲಿ ಕೀಳಾಗಿಸುವುದಕ್ಕೆ ಬಳಕೆಯಾಗುತ್ತಿದ್ದ ಪದ. ಅದನ್ನು ಅವರು ಮುಚ್ಚಿಡಲಿಲ್ಲ, ಬಿಟ್ಟುಕೊಡಲಿಲ್ಲ; ತಲೆಯೆತ್ತಿ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡರು. ಅವಮಾನದ ಮಾತು ಬಿರುದಾಯಿತು. ತನ್ನ ಕಥೆಯನ್ನು ತಾನೇ ಹೇಳುವ ಅಧಿಕಾರವನ್ನು ಮರಳಿ ಪಡೆದವರ ಲಕ್ಷಣವಿದು. ಅನುಭವಮಂಟಪವು ತತ್ತ್ವಚರ್ಚೆಯ ಸಭೆಯಾಗಿದ್ದುದು ಸರಿಯೇ. ದುಡಿಯುವವನ ಮಾತಿಗೆ ಕಿವಿಗೊಟ್ಟ ಸಭೆಯೂ ಅದಾಗಿತ್ತು.

ಜೊಯಿಡಾ ತಾಲೂಕಿನವರಿಗಂತೂ ಇದಕ್ಕೆ ಸಾಕ್ಷಿ ಕಣ್ಣೆದುರಿಗೇ ಇದೆ. ಕಲ್ಯಾಣದಲ್ಲಿ 1167ರ ಸುಮಾರಿಗೆ ನಡೆದ ವಿಪ್ಲವದ ಬಳಿಕ ಚನ್ನಬಸವಣ್ಣನವರೂ ಶರಣಸಮೂಹವೂ ದಟ್ಟ ಕಾಡನ್ನು ಹಾಯ್ದು ಉಳವಿಗೆ ಬಂದರೆಂದು ಸಂಪ್ರದಾಯವು ಹೇಳುತ್ತದೆ. ಅವರು ಕಂಡ ಹಿಂಸೆಯು ಕಚೇರಿಯ ಕಿರುಕುಳಕ್ಕಿಂತ ಎಷ್ಟೋ ಪಾಲು ಭಯಂಕರವಾದುದು. ಆದರೂ ಅವರು ಹೊತ್ತುತಂದುದು ಸೇಡನ್ನಲ್ಲ, ವಚನಗಳ ಕಟ್ಟುಗಳನ್ನು. ಪ್ರತಿವರ್ಷ ಮಾಘಮಾಸದ ಭಾರತ ಹುಣ್ಣಿಮೆಯ ಸುಮಾರಿಗೆ ಧಾರವಾಡ, ಬೆಳಗಾವಿಗಳ ಕಡೆಯಿಂದ ಚಕ್ಕಡಿ ಹೂಡಿಕೊಂಡು ಉಳವಿಯ ಜಾತ್ರೆಗೆ ಬರುವ ಭಕ್ತರು ಹಾದಿಯಲ್ಲಿ ಆ ಕಥೆಯನ್ನು ಹೇಳುತ್ತ ಬರುತ್ತಾರೆ. ಅವರ ಬಾಯಲ್ಲಿ ಅದು ಸೋತು ಓಡಿಬಂದವರ ಕಥೆಯಲ್ಲ, ನುಡಿಯನ್ನು ಉಳಿಸಿದವರ ಕಥೆ. ನಡೆದ ಘಟನೆ ಒಂದೇ; ಅದನ್ನು ಹೇಳುವ ಬಗೆಯಿಂದ ಒಂದು ಸಮಾಜವು ಎಂಟು ಶತಮಾನಗಳಿಗೂ ಮೀರಿ ತಲೆಯೆತ್ತಿ ನಿಂತಿದೆ. ಇದೇ ತಾಲೂಕಿನಲ್ಲಿ ಕಾಳೀನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿತು. ಊರು ಮುಳುಗಿದರೂ ಊರಿನ ನೆನಪು ಅಲ್ಲಿಂದ ಎದ್ದುಹೋದವರ ಮಾತಿನಲ್ಲಿ ತೇಲುತ್ತಲೇ ಇದೆ.

ಇನ್ನು ಆಕ್ಷೇಪಗಳನ್ನು ವಿಚಾರಿಸಬೇಕು. ಮೊದಲನೆಯದು ನಿಂದೆಯ ಆಕ್ಷೇಪ. ಪರರನ್ನು ಹಳಿಯುವುದನ್ನು ಶರಣರು ಸ್ಪಷ್ಟವಾಗಿ ನಿಷೇಧಿಸಿರುವಾಗ, ತನ್ನ ಮೇಲಧಿಕಾರಿಯ ದುರ್ನಡತೆಯನ್ನು ಹೇಳುವುದು ದೋಷವಲ್ಲವೇ? ಇಲ್ಲಿ ನಿಂದೆಗೂ ನಿವೇದನೆಗೂ ಇರುವ ಭೇದವನ್ನು ಅರಿಯತಕ್ಕದ್ದು. ನಿಂದೆಯ ಗುರಿ ಎದುರಿನವನನ್ನು ಕೆಳಗಿಳಿಸುವುದು. ನಿವೇದನೆಯ ಗುರಿ ಬಿದ್ದವನು ಮೇಲೇಳುವುದು. ನಿಂದೆಯು ಸಂತೆಯಲ್ಲಿ ಕೇಳುವವರನ್ನು ಹುಡುಕುತ್ತದೆ. ನಿವೇದನೆಯು ನಂಬಿಕೆಗೆ ಅರ್ಹರಾದವರನ್ನು ಮಾತ್ರ ಹುಡುಕುತ್ತದೆ. ನಿಂದೆಯು ‘ಅವನು ಇಂಥವನು’ ಎಂದು ಮನುಷ್ಯನನ್ನೇ ಮುದ್ರೆಯೊತ್ತುತ್ತದೆ. ನಿವೇದನೆಯು ‘ಆ ದಿನ ಹೀಗಾಯಿತು, ನನಗೆ ಹೀಗನಿಸಿತು’ ಎಂದು ನಡೆದುದನ್ನು ಹೇಳುತ್ತದೆ. ಗಾಯವನ್ನು ವೈದ್ಯನಿಗೆ ತೋರಿಸುವವನು ಏಟು ಕೊಟ್ಟವನನ್ನು ಹಳಿದಂತೆ ಆಗುವುದೇ? ಈ ಮೂರು ಒರೆಗಲ್ಲುಗಳಲ್ಲಿ ತನ್ನ ಮಾತನ್ನು ಉಜ್ಜಿ ನೋಡಿಕೊಂಡವನಿಗೆ ದೋಷದ ಭಯವಿಲ್ಲ.

ಎರಡನೆಯದು ಸತ್ಯದ ಆಕ್ಷೇಪ. ಕಥೆಯನ್ನು ಬೇರೆಯಾಗಿ ಹೇಳಿಕೊಳ್ಳುವುದೆಂದರೆ ಮನಸ್ಸಿಗೆ ಹಿತವಾದ ಸುಳ್ಳನ್ನು ಕಟ್ಟಿಕೊಂಡಂತಾಗುವುದಿಲ್ಲವೇ? ಆಗುವುದು—ನಡೆದುದನ್ನು ಬದಲಿಸಿದರೆ. ಆದರೆ ಇಲ್ಲಿ ಮಾಡಬೇಕಾದುದು ಬದಲಾವಣೆಯಲ್ಲ, ಪೂರಣ. ಗುಮಾಸ್ತನ ದಫ್ತರದಲ್ಲಿ ತಪ್ಪಾದುದು ನಿಜ; ಅದು ಕಥೆಯಲ್ಲಿ ಇರಲೇಬೇಕು. ಹದಿನೈದು ವರ್ಷ ತಪ್ಪಾಗದೆ ಇದ್ದುದೂ ನಿಜ, ಅದೂ ಇರಬೇಕು. ಪೀಡಕನು ಹೇಳಿದ ಕಥೆಯೇ ವಾಸ್ತವವಾಗಿ ಅರ್ಧ ಸತ್ಯ. ಬಿಟ್ಟುಹೋದ ಅರ್ಧವನ್ನು ಮರಳಿ ತಂದಿಡುವುದೇ ಸತ್ಯನಿಷ್ಠೆ. ಯುದ್ಧ ಹಿಂಸೆಗಳಲ್ಲಿ ನೊಂದವರಿಗಾಗಿ ಜರ್ಮನಿಯ ಕಾನ್‌ಸ್ಟನ್ಜ್ ವಿಶ್ವವಿದ್ಯಾಲಯದ ತಜ್ಞರು ರೂಪಿಸಿದ ಚಿಕಿತ್ಸೆಯೊಂದರಲ್ಲಿ ನೆಲದ ಮೇಲೆ ಹಗ್ಗವೊಂದನ್ನು ಚಾಚಿ, ಬಾಳಿನ ನೋವುಗಳಿಗೆ ಕಲ್ಲನ್ನೂ ನಲಿವುಗಳಿಗೆ ಹೂವನ್ನೂ ಅದರ ಮೇಲೆ ಕ್ರಮವಾಗಿ ಇಡಿಸುತ್ತಾರೆ. ಕಲ್ಲನ್ನು ಬಚ್ಚಿಡುವುದಿಲ್ಲ, ಹೂವನ್ನು ಮರೆಯುವುದೂ ಇಲ್ಲ. ಇಡೀ ಹಗ್ಗವನ್ನು ಕಂಡವನು ಒಂದು ಕಲ್ಲನ್ನೇ ತನ್ನ ಬಾಳೆಂದು ತಿಳಿಯಲಾರನು.

ಮೂರನೆಯ ಆಕ್ಷೇಪವು ಎಲ್ಲಕ್ಕಿಂತ ಗಂಭೀರವಾದುದು. ಏಟು ಕೊಡುವವನು ಕೊಡುತ್ತಲೇ ಇರುವಾಗ ತಿಂದವನಿಗೆ ಕಥೆ ಹೇಳಿಸಿ ಸಮಾಧಾನಪಡಿಸುವುದು ಅನ್ಯಾಯಕ್ಕೆ ಸಹಾಯ ಮಾಡಿದಂತಲ್ಲವೇ? ಈ ಮಾತು ಯಥಾರ್ಥವಾಗಿದೆ. ಕಥೆಯು ನ್ಯಾಯಕ್ಕೆ ಬದಲಿಯಾಗಲಾರದು. ಬಸವಣ್ಣನವರ ಮೇಲೆ ಅರಸನ ಭಂಡಾರವನ್ನು ಜಂಗಮರಿಗೆ ಸುರಿಯುತ್ತಿರುವರೆಂದು ಚಾಡಿಕೋರರು ಬಿಜ್ಜಳನಲ್ಲಿ ದೂರಿದ ಪ್ರಸಂಗವು ಪುರಾಣಗಳಲ್ಲಿ ಬರುತ್ತದೆ. ಅವರು ಅದನ್ನು ಕೇಳಿ ಮನಸ್ಸಿನಲ್ಲಿ ನೊಂದು ಸುಮ್ಮನಾಗಲಿಲ್ಲ. ಅರಸನೆದುರು ಭಂಡಾರವನ್ನು ಎಣಿಸಿ ತೋರಿಸಿದರು. ಸೈರಣೆಯೆಂದರೆ ಮನಸ್ಸನ್ನು ದ್ವೇಷದಿಂದ ಕಾಪಾಡಿಕೊಳ್ಳುವುದೇ ಹೊರತು ಅನ್ಯಾಯಕ್ಕೆ ಬಾಯಿಮುಚ್ಚಿಕೊಳ್ಳುವುದಲ್ಲ. ಸ್ವೀಡನ್ ದೇಶವು 1993ರಲ್ಲಿಯೇ ಉದ್ಯೋಗಸ್ಥಳದ ಪೀಡನೆಯ ವಿರುದ್ಧ ನಿಯಮಗಳನ್ನು ಹೊರಡಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2019ರ ಜೂನ್‌ನಲ್ಲಿ ಅಂಗೀಕರಿಸಿ 2021ರಲ್ಲಿ ಜಾರಿಗೆ ಬಂದ 190ನೆಯ ಒಡಂಬಡಿಕೆಯು ದೈಹಿಕ ಹಿಂಸೆಯನ್ನಷ್ಟೇ ಅಲ್ಲದೆ ಮಾನಸಿಕ ಹಾನಿಯನ್ನುಂಟುಮಾಡುವ ನಡತೆಯನ್ನೂ ಒಳಗೊಂಡಿದೆ. ಭಾರತದಲ್ಲಿ ಉದ್ಯೋಗಸ್ಥ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ವಿರುದ್ಧ 2013ರಲ್ಲಿ ಆದ ಕಾಯಿದೆಯು 10 ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಕಡೆಯಲ್ಲಿಯೂ ಆಂತರಿಕ ಸಮಿತಿಯಿರಬೇಕೆಂದು ವಿಧಿಸುತ್ತದೆ. ಆದರೆ ದೂರು ಕೊಡಬೇಕಾದವನು ‘ನಾನೇ ಅಯೋಗ್ಯನು’ ಎಂದು ನಂಬಿ ಕುಳಿತಿದ್ದರೆ ಯಾವ ಕಾಯಿದೆಯ ಬಾಗಿಲನ್ನು ತಟ್ಟಿಯಾನು? ತನ್ನ ಕಥೆಯನ್ನು ಮರಳಿ ಪಡೆದವನೇ ದಿನಾಂಕ ಸಹಿತ ನಡೆದುದನ್ನು ಬರೆದು ನ್ಯಾಯ ಕೇಳಬಲ್ಲನು. ಆದುದರಿಂದ ಕಥೆಯೂ ನ್ಯಾಯವೂ ಒಂದಕ್ಕೊಂದು ವಿರೋಧಿಯಲ್ಲ. ಒಂದು ಮತ್ತೊಂದಕ್ಕೆ ಮೆಟ್ಟಿಲು.

ಈಗ ಕೇಳುವವರ ಧರ್ಮವೇನೆಂಬುದು ಉಳಿಯಿತು. ಮನೆಯವರು ‘ಇಷ್ಟಕ್ಕೆಲ್ಲ ಮನಸ್ಸು ಕೆಡಿಸಿಕೊಳ್ಳುವುದೇ?’ ಎನ್ನಬಾರದು, ‘ಕೆಲಸ ಬಿಟ್ಟುಬಿಡಿ’ ಎಂದು ಆತುರಪಡಲೂಬಾರದು. ಬಲವಂತದಿಂದ ಬಾಯಿ ಬಿಡಿಸುವುದೂ ತರವಲ್ಲ. ಆಘಾತವಾದ ಕೂಡಲೆ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವುದರಿಂದ ಹಿತವಾಗುವುದಿಲ್ಲವೆಂದು ಮನೋವೈದ್ಯರು ಕಂಡುಕೊಂಡಿದ್ದಾರೆ. ಹಣ್ಣು ತಾನಾಗಿ ಕಳಿಯುವಂತೆ ಮಾತು ತಾನಾಗಿ ಬರಬೇಕು. ಬಂದಾಗ ಕೇಳುವ ಬಿಡುವು ಮನೆಯಲ್ಲಿರಬೇಕು. ನಿದ್ರೆ ಆಹಾರಗಳು ವಾರಗಟ್ಟಲೆ ತಪ್ಪಿದರೆ, ಬಾಳೇ ಬೇಡವೆಂಬ ಮಾತು ಬಂದರೆ, ಮನೆಯ ಮಾತಿನಲ್ಲಿಯೇ ವಿಶ್ವಾಸವಿಟ್ಟು ಕುಳಿತುಕೊಳ್ಳದೆ ತಜ್ಞರನ್ನು ಕಾಣಬೇಕು. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯೂ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯೂ ಇವೆ. ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಣವಿಲ್ಲದೆ ಕರೆಮಾಡಿ ಮಾತನಾಡಬಹುದು. ವೈದ್ಯನೂ ಸಾಹಿತಿಯೂ ಆಗಿದ್ದ ಎಂ. ಶಿವರಾಂ ಅವರ ‘ಮನ ಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನಸ್ಸಿನ ಬೇನೆಯನ್ನು ನಾಚಿಕೆಯಿಲ್ಲದೆ ಕನ್ನಡದಲ್ಲಿ ಮಾತನಾಡುವ ಹಾದಿಯನ್ನು ಅಂತಹವರು ಬಹಳ ಹಿಂದೆಯೇ ತೆರೆದಿಟ್ಟಿರುವರು.

ಕೊನೆಯದಾಗಿ ಒಂದು ಮಾತನ್ನು ಮರೆಯಲಾಗದು. ಈ ಲೇಖನವನ್ನು ಓದುವವರಲ್ಲಿ ಕಿರುಕುಳಕ್ಕೊಳಗಾದವರು ಮಾತ್ರವಲ್ಲ, ತಿಳಿದೋ ತಿಳಿಯದೆಯೋ ಅದನ್ನು ಕೊಡುತ್ತಿರುವವರೂ ಇರಬಹುದು. ಅಂಗಡಿಯ ಯಜಮಾನನು ಆಳನ್ನು, ಮುಖ್ಯೋಪಾಧ್ಯಾಯನು ಹೊಸ ಉಪಾಧ್ಯಾಯನನ್ನು, ಅಧಿಕಾರಿಯು ಗುಮಾಸ್ತನನ್ನು ನಾಲ್ವರೆದುರು ಹಗುರಮಾಡುವಾಗ ಹಣೆಯ ಮೇಲಿನ ವಿಭೂತಿಯು ಏನನ್ನು ಹೇಳುತ್ತದೆ? ಎದುರಿಗೆ ತಲೆತಗ್ಗಿಸಿ ನಿಂತವನ ಎದೆಯ ಮೇಲೆಯೂ ಅದೇ ಲಿಂಗವಿರಬಹುದು; ಇಲ್ಲದಿದ್ದರೂ ಅವನ ಕಾಯಕವು ಪೂಜೆಯೇ. ರಾತ್ರಿ ಮಲಗುವ ಮುನ್ನ ಒಬ್ಬೊಬ್ಬನೂ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ಈ ದಿನ ನನ್ನ ಕೈಕೆಳಗಿನವನು ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆ ಹೇಳಿದ ಕಥೆಯಲ್ಲಿ ನನ್ನ ಪಾತ್ರ ಯಾವುದು? ಇಲ್ಲವೆ, ನನ್ನ ದೆಸೆಯಿಂದ ಅವನು ‘ಏನೂ ಇಲ್ಲ’ ಎಂದು ಗೋಡೆಯ ಕಡೆಗೆ ಮುಖಮಾಡಿ ಮಲಗಿದನೇ?

ಈ ಪ್ರಶ್ನೆಗೆ ಅಂಜದೆ ಉತ್ತರಿಸಿಕೊಳ್ಳುವ ಯಜಮಾನನೂ, ತನ್ನ ನೋವನ್ನು ಅಂಜದೆ ನುಡಿಯುವ ಸೇವಕನೂ, ಇಬ್ಬರ ನುಡಿಗೂ ಕಿವಿಗೊಡುವ ಮನೆಯೂ ಇರುವ ಕಡೆಯಲ್ಲಿ ಕಾಯಕವು ಮತ್ತೆ ಕಾಯಕವಾಗುವುದು. ನೊಂದವನ ನುಡಿ ನಿಂದೆಯಲ್ಲ. ಅದನ್ನು ಕೇಳದೆ ಮುಖ ತಿರುಗಿಸುವುದೇ ನಿಜವಾದ ದೋಷ.